ಎರಡು ಬೆಂಕಿಕಡ್ಡಿಯ ಸಂದು

ಸ್ಟಾಕು ಬಂದದ್ದು ಕೌದಿಯಲ್ಲಿ ಸುತ್ತಿಕೊಂಡು. ಸ್ಟಾಕು ಅಂದರೆ ರೈಫಲ್ಲಿನ ಕಟ್ಟಿಗೆಯ ಭಾಗ, ಭುಜಕ್ಕೆ ಆನಿಸಿಕೊಳ್ಳುವುದು. ಆಸ್ಟ್ರೇಲಿಯದ ಡ್ಯಾಂಡಿನಾಂಗ್‌ನ ನಮ್ಮ ವರ್ಕ್‌ಶಾಪಿಗೆ ಅದು ಬಬಲ್ ರ‍್ಯಾಪಿನಲ್ಲಿ ಬರುತ್ತದೆ, ಹಳೆ ಟವೆಲ್ಲಿನಲ್ಲಿ ಬರುತ್ತದೆ, ಒಮ್ಮೆ ನಾಯಿಯ ಹಾಸಿಗೆಯಲ್ಲೂ ಬಂದಿತ್ತು. ಇಳಕಲ್ ಸೀರೆಯ ತುಂಡುಗಳನ್ನು ಹಚ್ಚಿ ಹೊಲಿದ ಕೌದಿಯಲ್ಲಿ ಬಂದದ್ದು ಅದೊಂದೇ. ನಮ್ಮ ಮಾಲೀಕ, ಅರವತ್ತೈದು ದಾಟಿದ ಆಸ್ಟ್ರೇಲಿಯನ್, ಮೊದಲು ಕೌದಿಯನ್ನೇ ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದ. ಆಮೇಲೆ ಕಟ್ಟಿಗೆ ನೋಡಿದ.

ತಂದವರು ನಮ್ಮಲ್ಲಿಂದ ಒಂಬತ್ತು ತಾಸಿನ ದಾರಿಯ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ಹುಬ್ಬಳ್ಳಿಯ ಹೆಣ್ಣುಮಗಳು. ನಾರ್ವೆಸ್ಟ್‌ನಲ್ಲಿ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನೋಡಿದ ಕೂಡಲೇ ಬಾಯಿಗೆ ಅಕ್ಕಾರ ಎಂದೇ ಬಂತು.

"ಅಣ್ಣಾರ, ನೀವು ಬೆಳಗಾವಿಯವ್ರಂತ ನಮ್ಮವ್ರ ಪಿಕ್ನಿಕ್‌ನ್ಯಾಗ ಯಾರೋ ಹೇಳಿದ್ರು. ಬಂದೂಕಿನ ಕೆಲಸಾ ಮಾಡೂ ಕನ್ನಡದವ್ರು ಈ ದೇಶದಾಗ ಇರ್ತಾರಂತ ನಾ ಕನಸಿನ್ಯಾಗೂ ಅನ್ಕೊಂಡಿದ್ದಿಲ್ರಿ."

ಎಂಟು ವರ್ಷದಿಂದ ಆ ವರ್ಕ್‌ಶಾಪಿನಲ್ಲಿ ನಾನು ಕೆಲಸದ ಹೊತ್ತಿನಲ್ಲಿ ಕನ್ನಡ ಆಡಿದ್ದು ಲೇತ್ ಯಂತ್ರಕ್ಕೆ ಬೈಯುವಾಗ ಮಾತ್ರ. ಅವರ ಹುಬ್ಬಳ್ಳಿ ಮಾತು ಕೇಳಿ ಕೈಯಲ್ಲಿದ್ದ ಉಕ್ಕು ಉಜ್ಜುವ ಫೈಲನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ವಿಷಯ ಇಷ್ಟು. ಅವರ ಮನೆಯವರು ನಾರ್ವೆಸ್ಟ್‌ನಲ್ಲೇ ಐಟಿ ಕೆಲಸದಲ್ಲಿದ್ದರು, ಎರಡು ವರ್ಷದ ಹಿಂದೆ ತೀರಿಕೊಂಡರು. ಮೊಟ್ಟೆ ಕೂಡ ಮುಟ್ಟದ ಮನುಷ್ಯ. ಆಫೀಸಿನ ಗೆಳೆಯನೊಬ್ಬನ ಫಾರ್ಮಿನಲ್ಲಿ ಕಾಡುಜಿಂಕೆಗಳ ಹಾವಳಿ, ಬೇಟೆಗೆ ಬಾ ಎಂದು ಅವನು ಕರೆದನಂತೆ, ಇವರು ಹೋದರಂತೆ, ಆಮೇಲೆ ವರ್ಷ ವರ್ಷವೂ ಹೋದರಂತೆ.

"ಒಂದ ಜಿಂಕಿನೂ ಹೊಡೀಲಿಲ್ರಿ. ಹೊಡದಿದ್ರ ನಾ ಮನಿಯೊಳಗ ಬಿಡ್ತಿದ್ದಿಲ್ಲ. ನಸುಕಿನ್ಯಾಗ ಮಂಜಿನೊಳಗ ಕುಂತು ನೋಡಿ ಬರ್ತಿದ್ರು. ಕಡಿಕಡಿಗೆ ಗ್ಯಾರೇಜಿನ್ಯಾಗ ಇದನ್ನ ಕೆತ್ತಾಕ ಹತ್ತಿದ್ರು. ಬ್ಯಾರೆಲ್ ಒಂದು ತರೂದು ಬಾಕಿ ಇತ್ತು. ಅಷ್ಟರಾಗ ಹ್ವಾದ್ರು."

ಅಕ್ಕಾರು ಸುಮ್ಮನೆ ಬಂದಿರಲಿಲ್ಲ. ಸೇಫ್ಟಿ ಕೋರ್ಸ್ ಮಾಡಿ, ಲೈಸೆನ್ಸ್ ಮಾಡಿಸಿ, ಬಂದೂಕಿನ ಹೃದಯವಾದ ಆ್ಯಕ್ಷನ್, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗವನ್ನು ಸಿಡ್ನಿಯ ಡೀಲರಿನಿಂದ ನಮಗೆ ಕಳಿಸಲು ಕಾಗದಪತ್ರವೆಲ್ಲ ಮುಗಿಸಿದ್ದರು. ಬೇಡಿಕೆ ಒಂದೇ.

"ಅವರ ಮನಸ್ಸಿನ್ಯಾಗ ಯಾ ಬ್ಯಾರೆಲ್ ಇತ್ತೋ ಅದನ್ನ ಹಾಕಿ ಕೊಡ್ರಿ. ಆದ್ರ ಭಾಳ ತುಟ್ಟಿ ಬ್ಯಾಡ. ಮಾರ್ಟ್‌ಗೇಜ್ ಈಗ ಒಬ್ಬಾಕಿ ಪಗಾರದಾಗ ನಡೀತೈತಿ. ಖಂಡೇ ಪೂಜಿಯೊಳಗ ಆದ್ರ ಭಾಳ ಚಲೋ."

ನಮ್ಮ ಕಡೆ ನವಮಿಯ ದಿನ ಆಯುಧ, ಸಲಕರಣೆಗಳಿಗೆ ಮಾಡುವ ಪೂಜೆಯೇ ಖಂಡೇ ಪೂಜೆ. ಅವರ ಮನೆಯವರು ಪ್ರತಿ ವರ್ಷ ಈ ಅರೆಬರೆ ಕಟ್ಟಿಗೆಯನ್ನೂ ಉಳಿ, ಸುತ್ತಿಗೆಗಳ ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದರಂತೆ. "ಎರಡ ವರ್ಷ ಬಿಡಿಬಿಡಿಯಾಗಿನ ಇಟ್ಟು ಪೂಜಿ ಮಾಡಿದೆ. ಇನ್ನ ಹಂಗ ಇಡಾಕ ಮನಸ್ಸು ಬರವಲ್ದು," ಎಂದರು.

ಮನೆಯವರು ಏನಾದರೂ ಬರೆದಿಟ್ಟಿದ್ದಾರೆಯೇ, ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು ಎಂದು ಹೇಳಿದ್ದರೇ, ಗೆಳೆಯನಿಗಾದರೂ ಗೊತ್ತಿದೆಯೇ ಎಂದು ಕೇಳಿದೆ. ಎಲ್ಲದಕ್ಕೂ ಇಲ್ಲ. ಆಗ ನಾನು ಒಂದು ಮಾತು ಆಡಿಬಿಟ್ಟೆ. "ಚಿಂತೀ ಮಾಡಬ್ಯಾಡ್ರಿ ಅಕ್ಕಾರ. ಅವರ ಮನಸ್ಸಿನ್ಯಾಗ ಏನಿತ್ತಂತ ಕಟ್ಟಿಗಿನ ಹೇಳತೈತಿ." ಕೊಚ್ಚಿಕೊಳ್ಳುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಮಾತು ಪೂರ್ತಿ ಸುಳ್ಳಲ್ಲ. ಸ್ಟಾಕಿನ ಮುಂಭಾಗದಲ್ಲಿ ಬ್ಯಾರೆಲ್, ಅಂದರೆ ಗುಂಡು ಹೊರಡುವ ನಳಿಗೆ ಕೂರುವ ಅರ್ಧ ದುಂಡನೆಯ ಕಾಲುವೆ ಇರುತ್ತದೆ. ಬ್ಯಾರೆಲ್ ಮರಕ್ಕೆ ತಾಗಬಾರದು, ತಾಗಿದರೆ ಗುಂಡು ದಾರಿ ತಪ್ಪುತ್ತದೆ. ಹಾಗೆಂದು ಸಂದು ಎದ್ದು ಕಾಣಲೂಬಾರದು. ದಪ್ಪ ಕಾಗದದ ಪಟ್ಟಿಯೊಂದು ಈ ತುದಿಯಿಂದ ಆ ತುದಿಗೆ ತೂರಿದರೆ ಅದು ಸರಿಯಾದ ಕೆಲಸ. ಆದ್ದರಿಂದ ಕಾಲುವೆಯ ಅಗಲ ಅಳೆದರೆ, ಕೆತ್ತಿದವನ ತಲೆಯಲ್ಲಿ ಯಾವ ಆಕಾರದ ಬ್ಯಾರೆಲ್ ಇತ್ತು ಎಂಬುದು ಗೊತ್ತಾಗಲೇಬೇಕು.

ಮರುದಿನ ಅಳೆದೆ. ಒಂದೊಂದು ಇಂಚಿಗೂ ಪೆನ್ಸಿಲ್ ಗುರುತು ಹಾಕಿ, ಕ್ಯಾಲಿಪರ್ ಇಟ್ಟು, ರೇಡಿಯಸ್ ಗೇಜ್ ಕೂರಿಸಿ ಬರೆದುಕೊಂಡೆ. ಆ್ಯಕ್ಷನ್ ಹತ್ತಿರ ಮೂವತ್ತೆರಡು ಮಿಲಿಮೀಟರ್, ತುದಿಯಲ್ಲಿ ಇಪ್ಪತ್ನಾಲ್ಕು. ವಾಲ್ನಟ್ ಕಟ್ಟಿಗೆ, ಕೈಕೆಲಸ ನಾಜೂಕು. ಉಳಿಯ ಗೀರುಗಳು ಮೀನಿನ ಪೊರೆಯಂತೆ ಸಾಲಾಗಿದ್ದವು. ಎರಡು ವಿಷಯ ಮಾತ್ರ ವಿಚಿತ್ರ ಅನ್ನಿಸಿತು. ಬ್ಯಾರೆಲ್ಲುಗಳ ಇಳಿಜಾರು ಸಾಮಾನ್ಯವಾಗಿ ಒಳಕ್ಕೆ ಬಾಗಿರುತ್ತದೆ, ಈ ಕಾಲುವೆಯದು ಸ್ವಲ್ಪ ಹೊರಕ್ಕೆ ಉಬ್ಬಿತ್ತು. ಹೊಸ ಕೈ, ಎಡವಿದೆ ಎಂದುಕೊಂಡೆ. ಇನ್ನೊಂದು, ಟ್ರಿಗರಿನ ಜಾಗದಿಂದ ಭುಜಕ್ಕೆ ಆನುವ ತುದಿಯವರೆಗಿನ ಉದ್ದ ಮೂವತ್ತೊಂದೂವರೆ ಸೆಂಟಿಮೀಟರ್. ಗಂಡಸಿಗೆ ಮೂರು ಸೆಂಟಿಮೀಟರ್ ಕಡಿಮೆ. ಹಿಂದೆ ರಬ್ಬರ್ ಪ್ಯಾಡ್ ಸೇರಿಸಲು ಬಿಟ್ಟಿರಬೇಕು ಎಂದು ಬರೆದುಕೊಂಡು ಮುಂದೆ ಹೋದೆ.

ಮಾಲೀಕ ದೀಪ ಹಿಡಿದು ಕಾಲುವೆಯೊಳಗೆ ಇಣುಕಿದ. ಅಲ್ಲಲ್ಲಿ ಕೆಂಪು ಚುಕ್ಕೆ. "ಯಾರೋ ಬಣ್ಣ ಹಚ್ಚಿ ಕೂರಿಸಿ ನೋಡಿದ್ದಾರೆ," ಎಂದ. ಮರದೊಳಗೆ ಉಕ್ಕು ಕೂರಿಸುವವರು ಉಕ್ಕಿಗೆ ಬಣ್ಣ ಬಳಿದು ಒತ್ತುತ್ತಾರೆ, ಮರ ಎಲ್ಲಿ ಎತ್ತರವಿದೆಯೋ ಅಲ್ಲಿ ಬಣ್ಣ ಹತ್ತುತ್ತದೆ, ಅದನ್ನು ಕೆರೆದು ಮತ್ತೆ ಒತ್ತುತ್ತಾರೆ. ನಾನು ನಕ್ಕುಬಿಟ್ಟೆ. "ಇದು ಕುಂಕುಮ. ನಮ್ಮ ಪೂಜೆಯದು. ನಮ್ಮವರು ಕಾರಿಗೂ ಹಚ್ಚುತ್ತಾರೆ, ಕಂಪ್ಯೂಟರಿಗೂ ಹಚ್ಚುತ್ತಾರೆ," ಎಂದು ಅವನಿಗೆ ಪಾಠ ಹೇಳಿದೆ. ನಮ್ಮ ಪದ್ಧತಿ ಅವನಿಗೇನು ಗೊತ್ತು ಎಂಬ ಭಾವ. ಅವನು ಭುಜ ಕುಣಿಸಿ ಚಹಾ ಮಾಡಲು ಹೋದ.

ಇನ್ನು ಬ್ಯಾರೆಲ್. ಆ್ಯಕ್ಷನ್ನಿನ ಬೋಲ್ಟ್ ಅಳತೆಯಿಂದ ಯಾವ ಗುಂಪಿನ ಗುಂಡು ಹಿಡಿಯುತ್ತದೆ ಎಂಬುದು ಖಚಿತವಾಯಿತು. ಉಳಿದ ದಾರಿ ಮೂರು. ಹೊರದೇಶದ ಹೆಸರಾಂತ ಬ್ಯಾರೆಲ್, ಕೇಳಿದ ಆಕಾರಕ್ಕೆ ಮಾಡಿ ಕೊಡುತ್ತಾರೆ, ಆದರೆ ಉಳಿದೆಲ್ಲ ಭಾಗಗಳಿಗಿಂತ ಅದೊಂದೇ ತುಟ್ಟಿ, ಬರಲು ತಿಂಗಳುಗಟ್ಟಲೆ. ಅದು ಆಗದ ಮಾತು. ಎರಡನೆಯದು ಬಿಚ್ಚಿದ ಬ್ಯಾರೆಲ್. ಕಂಪನಿ ರೈಫಲ್ ಕೊಂಡವರು ಒಳ್ಳೆಯದು ಹಾಕಿಸಿಕೊಂಡಾಗ ಹಳೆಯದನ್ನು ಬಿಟ್ಟು ಹೋಗುತ್ತಾರೆ. ಅಂಥವು ನಮ್ಮ ಗೋಡೆಯ ರ‍್ಯಾಕಿನಲ್ಲಿ ಹತ್ತು ಹನ್ನೆರಡು ನಿಂತಿದ್ದವು, ಬಿಟ್ಟಿ ಸಿಕ್ಕಂತೆಯೇ. ಆದರೆ ಸಣಕಲು. ಮೂರನೆಯದು ಇಲ್ಲಿಯೇ ತಯಾರಾಗುವ, ಹೆಸರಿಲ್ಲದ ಆದರೆ ಕೈಗೆಟಕುವ ಬ್ಯಾರೆಲ್. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು ಮಾತ್ರ ಮಾಡಿ ದಪ್ಪ ಸಲಾಕೆಯಂತೆ ಕಳಿಸುತ್ತಾರೆ. ಹೊರಗಿನ ಆಕಾರ ನಾವೇ ಲೇತಿನಲ್ಲಿ ತೆಗೆಯಬೇಕು.

"ರ‍್ಯಾಕಿನಿಂದ ಒಂದು ತಗೋ. ಬೇಟೆಗೆ ಅಷ್ಟು ಸಾಕು," ಎಂದ ಮಾಲೀಕ.

ನನಗೆ ಒಗ್ಗಲಿಲ್ಲ. ಅಷ್ಟು ಅಗಲದ ಕಾಲುವೆಯಲ್ಲಿ ಆ ಸಣಕಲು ಬ್ಯಾರೆಲ್ ಇಟ್ಟರೆ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತದೆ. ನಾನು ಸಂದು ಕಂಡರೆ ಆಗದವನು. ಮನೆಯ ಕಪಾಟಿನ ಬಾಗಿಲು ಅರ್ಧ ಮಿಲಿಮೀಟರ್ ಸೊಟ್ಟಗಿದ್ದರೂ ಬಿಚ್ಚಿ ಮತ್ತೆ ಕೂರಿಸುತ್ತೇನೆ, ಹೆಂಡತಿ ಕೈಮುಗಿದು ಬೇಡಿಕೊಂಡರೂ ಬಿಡುವುದಿಲ್ಲ. ಮೂರನೆಯದೇ ಎಂದೆ. ಅದನ್ನು ಕಾಲುವೆಗೆ ಕೂದಲೆಳೆಯಷ್ಟೇ ಸಂದು ಬಿಟ್ಟು ಹೊಂದುವಂತೆ ತೆಗೆಯುತ್ತೇನೆ, ತೀರಿಕೊಂಡವರ ಮನಸ್ಸಿನಲ್ಲಿದ್ದದ್ದು ಅದೇ ಎಂದೆ.

ಮಾಲೀಕ ಒಂದೇ ಎಚ್ಚರಿಕೆ ಕೊಟ್ಟ. ಇಂಥ ಬ್ಯಾರೆಲ್ಲಿನಲ್ಲಿ ಗೀರು ಕೊರೆದಿರುವುದಿಲ್ಲ, ಗಟ್ಟಿ ಲೋಹದ ದುಂಡನೆಯ ತುಂಡೊಂದನ್ನು ಒಳಗಿಂದ ಎಳೆದು ಒತ್ತಿ ಮೂಡಿಸಿರುತ್ತಾರೆ. ಉಕ್ಕು ಆ ಒತ್ತಡವನ್ನು ಒಳಗೇ ಹಿಡಿದುಕೊಂಡಿರುತ್ತದೆ. ಹೊರಗಿನ ಪದರ ತೆಗೆಯುತ್ತ ಹೋದರೆ ಒಳಗೆ ಸಡಿಲಾಗುತ್ತದೆ. "ಬೇಕಾದರೆ ಮರ ಕೆರೆದು ಕಾಲುವೆ ಅಗಲ ಮಾಡು, ಬ್ಯಾರೆಲ್ ಮುಟ್ಟಬೇಡ," ಎಂದ. ಆ ಉಳಿಯ ಗೀರುಗಳ ಮೇಲೆ ನನ್ನ ಉಳಿ ಆಡಿಸಲು ಮನಸ್ಸಾಗಲಿಲ್ಲ. ಅದರಲ್ಲಿ ಮಾತ್ರ ನಾನು ಸರಿಯಾಗಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಬ್ಯಾರೆಲ್ ಮೂರು ವಾರದಲ್ಲಿ ಬಂತು. ನಾಲ್ಕು ದಿನ ತೆಗೆದೆ. ತೆಳುವಾಗಿ ಒಂದೊಂದೇ ಪದರ, ನಡುವೆ ತಣಿಯಲು ಬಿಟ್ಟು, ತುಂಬಾ ನೀರು ಬಿಟ್ಟು, ಹೊಸ ಮದುವೆ ಗಂಡಿನ ಹಾಗೆ ನಾಜೂಕಾಗಿ. ಕಾಲುವೆಯಲ್ಲಿ ಇಟ್ಟಾಗ ಕಾಗದದ ಪಟ್ಟಿ ಆ ತುದಿಯಿಂದ ಈ ತುದಿಗೆ ಸುಯ್ಯೆಂದು ಸರಿದುಹೋಯಿತು. ಮಾಲೀಕನನ್ನು ಕರೆದು ತೋರಿಸಿದೆ. ಅವನು ನೋಡಿದ, ಮೆತ್ತನೆಯ ಸೀಸದ ತುಂಡೊಂದನ್ನು ಕೈಗಿಟ್ಟ.

ಸೀಸದ ತುಂಡನ್ನು ಸರಳಿನಿಂದ ಬ್ಯಾರೆಲ್ಲಿನೊಳಗೆ ದೂಡುವುದು ಹಳೆಯ ಪರೀಕ್ಷೆ. ಒಳಗೆ ಎಲ್ಲೆಡೆ ಒಂದೇ ಬಿಗಿ ಇರಬೇಕು, ತುದಿಗೆ ಹೋದಂತೆ ಇನ್ನೂ ಸ್ವಲ್ಪ ಬಿಗಿಯಾದರೆ ಮತ್ತೂ ಒಳ್ಳೆಯದು. ದೂಡಿದೆ. ಬಿಗಿ, ಬಿಗಿ, ಬಿಗಿ. ತುದಿಗೆ ಒಂದು ಗೇಣು ಇರುವಾಗ ಸರಳು ಜಾರಿತು. ಸೀಸದ ತುಂಡು ತಾನಾಗಿಯೇ ನೆಲಕ್ಕೆ ಬಿತ್ತು. ಗುಂಡು ಹೊರಬೀಳುವ ಬಾಯಿಯ ಹತ್ತಿರವೇ ಸಡಿಲವಾದ ಬ್ಯಾರೆಲ್ ಯಾವ ಕೆಲಸಕ್ಕೂ ಬಾರದು.

ಮಾಡಿದ್ದುಣ್ಣೋ ಮಹಾರಾಯ. ಅದು ಈಗಲೂ ನನ್ನ ಬೆಂಚಿನ ಕೆಳಗಿದೆ, ಬಾಗಿಲು ಹಾಕಿಕೊಳ್ಳದಂತೆ ಅಡ್ಡ ಇಡಲು ಉಪಯೋಗವಾಗುತ್ತದೆ.

ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ನನಗೆ ಲೇತ್ ಕಲಿಸಿದ ಮೇಸ್ತ್ರಿಯೊಬ್ಬರಿದ್ದರು. ನಾನು ವರ್ನಿಯರ್ ಎತ್ತಿಕೊಂಡ ಕೂಡಲೇ ಕೈ ಹಿಡಿದು, "ಅಳತಿ ತಗೊಳ್ಳೂಕಿಂತ ಮದ್ಲ ಯಾರಿಗಂತ ಕೇಳಲೇ," ಎನ್ನುತ್ತಿದ್ದರು. ಶಾಫ್ಟಿಗೆ ಎಂಥ 'ಯಾರು' ಎಂದು ನಾವು ಹುಡುಗರು ನಗುತ್ತಿದ್ದೆವು. ಆ ಮೇಸ್ತ್ರಿ ಈಗಿಲ್ಲ. ಅವರು ಇದ್ದಿದ್ದರೆ ಫೋನ್ ಮಾಡಿ ಬೈಸಿಕೊಳ್ಳಬಹುದಿತ್ತು ಎಂದು ಬಹಳ ಅನ್ನಿಸಿತು. ಬೈಯಲು ಯಾರೂ ಇಲ್ಲದ ವಯಸ್ಸು ಬಂದುಬಿಟ್ಟಿದೆಯಲ್ಲ ಎಂದು ಬೇಸರವಾಯಿತು.

ಮತ್ತೆ ಸ್ಟಾಕನ್ನು ಕೌದಿಯಿಂದ ತೆಗೆದು, ಈ ಸಲ ಭೂತಗನ್ನಡಿ ಹಿಡಿದು ಕಾಲುವೆ ನೋಡಿದೆ. ಪೂಜೆಯ ಕುಂಕುಮವನ್ನು ಹೊರಗೆ ಒಂದು ಬೊಟ್ಟು ಇಡುತ್ತಾರೆ, ಕಾಲುವೆಯೊಳಗೆ ಹಚ್ಚುವುದಿಲ್ಲ. ಇವು ಉಳಿಯ ಗೀರುಗಳ ಏಣಿನ ಮೇಲೆ ಮಾತ್ರ ಇದ್ದವು, ತಗ್ಗಿನಲ್ಲಿ ಇರಲಿಲ್ಲ. ಮೂಗಿಗೆ ಹಿಡಿದೆ. ಸಣ್ಣಗೆ ಕೊಬ್ಬರಿ ಎಣ್ಣೆಯ ವಾಸನೆ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಯಾವುದೋ ದುಂಡನೆಯ ವಸ್ತುವಿಗೆ ಬಳಿದು ಇದರೊಳಗೆ ಒತ್ತಿದ್ದಾರೆ. ಪರದೇಶದ ಮಾಲೀಕನಿಗೆ ಕಂಡದ್ದು ನನಗೆ ಕಂಡಿರಲಿಲ್ಲ. ಕುಂಕುಮ ಎಂದ ಕೂಡಲೇ ನನ್ನ ತಲೆ ದೇವರಕೋಣೆಗೆ ಹೋಗಿಬಿಟ್ಟಿತ್ತು.

ಹಾಗಾದರೆ ಆ ಮನೆಯಲ್ಲಿ ಒಂದು ಬ್ಯಾರೆಲ್ ಇತ್ತು! ಫೋನ್ ಮಾಡಿದೆ. ಮೊದಲು ಕೆಡಿಸಿದ ಬ್ಯಾರೆಲ್ಲಿನ ವಿಷಯ ಹೇಳಿ, ಅದು ನನ್ನ ತಪ್ಪು, ನಿಮಗೆ ಅದರ ಲೆಕ್ಕ ಹತ್ತುವುದಿಲ್ಲ ಎಂದೆ. ಆಮೇಲೆ ಗ್ಯಾರೇಜಿನಲ್ಲಿ ಕಬ್ಬಿಣದ ಕೊಳವೆ, ಸರಳು, ಏನಾದರೂ ದುಂಡಗಿನದು ಇದೆಯೇ ನೋಡಿ ಎಂದೆ. ಅವರು ಹುಡುಕಿ, ಏನೂ ಇಲ್ಲ ಎಂದರು. ಕುಂಕುಮದ ವಿಷಯವನ್ನೂ ಹೇಳಿ ಫೋನ್ ಇಟ್ಟೆ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಅಣ್ಣಾರ, ನಗಬ್ಯಾಡ್ರಿ. ಒಂದ ಸಲ ನನ್ನ ಲಟ್ಟಣಿಗಿ ಕೆಂಪ ಆಗಿತ್ರಿ. ಮಗಳು ಕುಂಕುಮಾ ಚೆಲ್ಲಿ ಆಟಾ ಆಡ್ಯಾಳಂತ ಆಕೀಗೆ ಬೈದಿದ್ದೆ."

ಪೋಸ್ಟಿನಲ್ಲಿ ಕಳಿಸಿ ಎಂದೆ. "ಅದೆಂಗ ಕಳಸ್ಲಿ? ದಿನಾ ಚಪಾತಿಗೆ ಬೇಕು," ಎಂದರು. ಶನಿವಾರ ಬೆಳಿಗ್ಗೆ ಸ್ಟಾಕನ್ನು ಕೌದಿಯಲ್ಲಿ ಸುತ್ತಿ, ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಸಿಡ್ನಿಗೆ ಹೋಗುವ ಹ್ಯೂಮ್ ಹೈವೇ ಹಿಡಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಒಂದು ಲಟ್ಟಣಿಗೆ ನೋಡಲು ಒಂಬತ್ತು ತಾಸು ಹೋಗುವವನನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದಳು.

ಸ್ಕೋಫೀಲ್ಡ್ಸ್‌ನ ಮನೆಗಳೆಲ್ಲ ಒಂದೇ ಅಚ್ಚು, ಅವರ ಮನೆ ಗುರುತು ಸಿಕ್ಕಿದ್ದು ಹೊಸ್ತಿಲ ರಂಗೋಲಿಯಿಂದ. ಅಡುಗೆಮನೆಯ ಬೆಂಚಿನ ಮೇಲೆ ಲಟ್ಟಣಿಗೆ ತೊಳೆದು ಇಟ್ಟಿದ್ದರು. ಹಿಡಿಕೆ ಇಲ್ಲದ, ನಡುವೆ ದಪ್ಪ ಇದ್ದು ಎರಡೂ ತುದಿಗೆ ಸಣ್ಣಗಾಗುವ ಊರ ಲಟ್ಟಣಿಗೆ, ಅತ್ತೆ ಕೊಟ್ಟದ್ದಂತೆ. ಕ್ಯಾಲಿಪರ್ ಇಟ್ಟೆ. ನಡುವೆ ಮೂವತ್ತೆರಡು. ತುದಿಯಲ್ಲಿ ಇಪ್ಪತ್ನಾಲ್ಕು. ನಡುವಿನಿಂದ ಒಂದು ತುದಿಯವರೆಗಿನ ಅರ್ಧವನ್ನು ಕಾಲುವೆಯಲ್ಲಿ ಇಟ್ಟೆ. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಮಲಗಿತು.

ಹೊಸ ಕೈ ಎಡವಿದ್ದಲ್ಲ. ಆ ಉಬ್ಬು ಲಟ್ಟಣಿಗೆಯ ಉಬ್ಬು. ನಾನು ನಾಲ್ಕು ದಿನ ಉಸಿರು ಬಿಗಿಹಿಡಿದು ಉಕ್ಕಿನಲ್ಲಿ ತೆಗೆದದ್ದು ಲಟ್ಟಣಿಗೆ. ನಗು ತಡೆಯಲಾಗಲಿಲ್ಲ. ಅಕ್ಕಾರು ನಗಲಿಲ್ಲ.

"ಅಂದ್ರ ಅವರು ಬ್ಯಾರೆಲ್ ಆರಿಸಿದ್ದಿಲ್ಲನು?" ಎಂದರು. ಕಟ್ಟಿಗೆ ಹೇಳುತ್ತದೆ ಎಂದು ನಾನು ಕೊಟ್ಟ ಭರವಸೆ ಅವರ ಮುಖದಿಂದ ಇಳಿದುಹೋಗುವುದನ್ನು ನೋಡಿದೆ. ಲಟ್ಟಣಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತೆ. ಆಗ ಬೆರಳಿಗೆ ಒಂದು ಗೀರು ತಾಗಿತು. ಚಾಕುವಿನಿಂದ ಸುತ್ತಲೂ ಎಳೆದ ಸಣ್ಣ ಗೀರು.

"ಇದೇನ್ರಿ ಅಕ್ಕಾರ?"

"ಯಾರಿಗ್ಗೊತ್ರಿ, ಭಾಳ ದಿನಾ ಆತು. ಸೀಳಿದ್ದಿರಬೇಕು."

ಅವರ ಮಗಳು, ಹದಿನೇಳರ ಹುಡುಗಿ, ಫ್ರಿಜ್ಜಿಗೆ ಒರಗಿ ನಿಂತು ನಮ್ಮ ಕನ್ನಡ ಕೇಳುತ್ತಿದ್ದಳು. "ಡ್ಯಾಡ್ ಡಿಡ್ ದಟ್," ಎಂದಳು. "ಹಿ ಮೆಷರ್ಡ್ ಯುವರ್ ಆರ್ಮ್. ರಿಮೆಂಬರ್? ಯು ಯೆಲ್ಡ್ ಎಟ್ ಹಿಮ್." ಆಮೇಲೆ ಸ್ವಲ್ಪ ತಡೆದು, "ಅಂಡ್ ದ ಕುಂಕುಮ ವಾಸ್ ನಾಟ್ ಮಿ. ಐ ಟೋಲ್ಡ್ ಯು," ಎಂದಳು.

ಅಕ್ಕಾರು ಮಗಳನ್ನೇ ನೋಡಿದರು. ಒಂದು ರವಿವಾರ ಹಿಟ್ಟು ನಾದುತ್ತಿದ್ದಾಗ ಗಂಡ ಬಂದು, ಕೈ ಮಡಚು ಎಂದು ಮೊಳಕೈ ಒಳಮಡಿಕೆಗೆ ಲಟ್ಟಣಿಗೆ ಆನಿಸಿದ್ದರಂತೆ. ಹಿಟ್ಟು ಹತ್ತತೈತಿ, ಹುಚ್ಚ ಹಿಡದೈತೇನು ಎಂದು ಇವರು ರೇಗಿದ್ದರಂತೆ. ಅವರು ನಕ್ಕು ಹೋಗಿದ್ದರಂತೆ.

ನಾನು ತುದಿಯಿಂದ ಗೀರಿನವರೆಗೆ ಅಳೆದೆ. ಮೂವತ್ತೊಂದೂವರೆ ಸೆಂಟಿಮೀಟರ್. ನಮ್ಮ ಕಸುಬಿನವರಿಗೆ ಆ ಅಳತೆ ಗೊತ್ತು. ಮೊಳಕೈ ಮಡಿಕೆಯಿಂದ ಟ್ರಿಗರ್ ಎಳೆಯುವ ತೋರುಬೆರಳಿನವರೆಗೆ ಇರುವ ಉದ್ದ, ಸ್ಟಾಕಿನ ಉದ್ದ. ರಬ್ಬರ್ ಪ್ಯಾಡಿಗೆ ಬಿಟ್ಟ ಜಾಗ ಎಂದು ನಾನು ಬರೆದುಕೊಂಡಿದ್ದೆ. "ಅಕ್ಕಾರ, ಒಮ್ಮೆ ಕೈ ಮಡಚ್ರಿ," ಎಂದು ಸ್ಟಾಕಿನ ಹಿಂಭಾಗವನ್ನು ಅವರ ಮೊಳಕೈಗೆ ಆನಿಸಿದೆ. ತೋರುಬೆರಳು ತಾನಾಗಿಯೇ ಟ್ರಿಗರ್ ಇರಬೇಕಾದ ಜಾಗಕ್ಕೆ ಹೋಗಿ ನಿಂತಿತು.

ಅಳತೆಗೆ ಮೊದಲು ಯಾರಿಗೆ ಎಂದು ಕೇಳಬೇಕಿತ್ತು.

"ಇದು ಅವರ ಬಂದೂಕಲ್ರಿ. ನಿಮ್ದು," ಎಂದೆ.

ಅವರು ಸ್ಟಾಕನ್ನು ಕೆಳಗಿಡಲಿಲ್ಲ. "ವರ್ಷ ವರ್ಷಾ ಕರೀತಿದ್ರು. ಒಮ್ಮೆ ಬಂದು ನೋಡು, ಮಂಜಿನೊಳಗ ಜಿಂಕಿ ಬರೂದು ಚಂದಿರತೈತಿ ಅಂತ. ಜೀವಾ ತಗಿಯೋ ಕೆಲಸಕ್ಕ ನಾ ಬರಂಗಿಲ್ಲ ಅಂತಿದ್ದೆ. ನಂದಂತ ಹೇಳಿದ್ರ ಬರ್ತಿದ್ದೆ ನಾ." ಕೈಯಿಂದ ಕಾಲುವೆಯನ್ನು ಸವರಿದರು. "ಇಲ್ರಿ, ಬರ್ತಿದ್ದಿಲ್ಲ. ಸುಳ್ಳ್ಯಾಕ ಹೇಳ್ಲಿ."

ಮಗಳು ಬಂದು ತಾಯಿಯ ಭುಜಕ್ಕೆ ಗದ್ದ ಆನಿಸಿ ನಿಂತಳು. ನಾನು ಹಿತ್ತಲಿಗೆ ಹೋಗಿ ಬೇಲಿಯ ಹಲಗೆಗಳ ನಡುವಿನ ಸಂದು ಎಣಿಸುತ್ತ ನಿಂತೆ.

ಊಟಕ್ಕೆ ಚಪಾತಿ ಮಾಡಿದರು, ಅದೇ ಲಟ್ಟಣಿಗೆಯಲ್ಲಿ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟದ ಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಬಂದೂಕು ನಿಮ್ಮದಾದ ಮೇಲೆ ಬ್ಯಾರೆಲ್ಲೂ ನಿಮಗೆ ಬೇಕಾದದ್ದು, ನಿಮಗೇನು ಬೇಕು? "ಹಗರಿರಬೇಕ್ರಿ. ಎದೀಗೆ ಗುದ್ದಬಾರ್ದು," ಎಂದರು. ಅಷ್ಟೇ.

ವಾಪಸು ಬರುವ ದಾರಿಯಲ್ಲೇ ನಿರ್ಧಾರ ಮಾಡಿದ್ದೆ. ಸೋಮವಾರ ನೇರ ರ‍್ಯಾಕಿಗೆ ಹೋದೆ. ಹಿಂದಿನ ಸಾಲಿನಲ್ಲಿ ಅಕ್ಕಾರ ಆ್ಯಕ್ಷನ್ ಮಾಡಿದ ಕಂಪನಿಯದೇ ಒಂದು ಗಿಡ್ಡ ಬ್ಯಾರೆಲ್ ಇತ್ತು, ಸಣ್ಣ ಆಳುಗಳಿಗೆಂದು ಮಾಡಿದ ರೈಫಲ್ಲಿನಿಂದ ಬಿಚ್ಚಿದ್ದು. ಇಪ್ಪತ್ತು ಇಂಚು, ಸೆವೆನ್ ಎಂಎಂ-ನಾಟ್-ಎಯ್ಟ್ ಎಂಬ ಗುಂಡಿನದು, ಒದೆತ ಕಡಿಮೆ. ಯಾರಿಗೂ ಬೇಡವಾಗಿ ವರ್ಷಗಟ್ಟಲೆ ನಿಂತಿತ್ತು. ಬೋರ್‌ಸ್ಕೋಪ್ ತೂರಿಸಿ ಒಳಗೆ ನೋಡಿದೆ, ಗೀರುಗಳು ಹರಿತವಾಗಿಯೇ ಇದ್ದವು. ಸೀಸದ ತುಂಡು ಈ ಸಲ ಎಲ್ಲೂ ಜಾರಲಿಲ್ಲ. ಬಾಯಿಯ ಅಂಚಿನಲ್ಲಿ ಒಂದು ಪೆಟ್ಟು ಬಿದ್ದಿತ್ತು, ಅರ್ಧ ಇಂಚು ಕತ್ತರಿಸಿ ಹೊಸ ಅಂಚು ತೆಗೆದೆ. ಆ್ಯಕ್ಷನ್ನಿಗೆ ತಿರುಚಿ, ಗುಂಡು ಕೂರುವ ಜಾಗಕ್ಕೆ ಗೇಜ್ ಹಾಕಿ ನೋಡಿದೆ. ಮುಚ್ಚಬೇಕಾದ ಗೇಜಿನ ಮೇಲೆ ಬೋಲ್ಟ್ ಮುಚ್ಚಿತು, ಮುಚ್ಚಬಾರದ್ದರ ಮೇಲೆ ಮುಚ್ಚಲಿಲ್ಲ. ಮಾಲೀಕ ಮೊದಲ ದಿನವೇ ಹೇಳಿದ ದಾರಿಗೆ ನಾನು ಒಂದೂವರೆ ತಿಂಗಳು ಸುತ್ತಿ, ಒಂದು ಬ್ಯಾರೆಲ್ ಹಾಳುಮಾಡಿ ಬಂದು ಸೇರಿದ್ದೆ.

ಸ್ಟಾಕಿನಲ್ಲಿ ಕೂರಿಸಿದಾಗ ಎರಡೂ ಬದಿಗೆ ಎರಡೆರಡು ಬೆಂಕಿಕಡ್ಡಿ ತೂರುವಷ್ಟು ಸಂದು. ಮಾಲೀಕ ಎಪಾಕ್ಸಿ ಅಂಟಿನ ಡಬ್ಬಿ ತಂದು ಬೆಂಚಿನ ಮೇಲಿಟ್ಟ. ಕಪ್ಪು ಬಣ್ಣ ಬೆರೆಸಿ ಕಾಲುವೆಯ ಗೋಡೆಗೆ ತುಂಬಿದರೆ ಸಂದು ಮುಚ್ಚುತ್ತದೆ, ಅಂದವಾಗುತ್ತದೆ. ನಮ್ಮ ಶಾಪಿನಿಂದ ಇಂಥ ಸಂದು ಬಿಟ್ಟ ಕೆಲಸ ಹೊರಗೆ ಹೋಗಬಾರದು ಎಂದ. ಯಾವಾಗಲೂ ಅವನಿಗೆ ಆ ಮಾತು ಹೇಳುವವನು ನಾನು. ಅಂದು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಒಳಗಿನ ಉಳಿಯ ಗೀರುಗಳಿಗೆ, ಕುಂಕುಮದ ಚುಕ್ಕೆಗಳಿಗೆ ಒಂದು ಕೋಟು ಎಣ್ಣೆ ಮಾತ್ರ ಒರೆಸಿದೆ. ಸಂದು ನೋಡಿದಾಗೆಲ್ಲ ಕೈ ತುರಿಸುತ್ತಿತ್ತು, ಕೌದಿ ಮುಚ್ಚಿಟ್ಟೆ. ರೇಂಜಿನಲ್ಲಿ ನೂರು ಮೀಟರಿಗೆ ಮೂರು ಗುಂಡು ಪಾನಿಪೂರಿಯ ಪೂರಿಯಷ್ಟು ಜಾಗದಲ್ಲಿ ಬಿದ್ದವು. ಮಾಲೀಕ ಆ ಟಾರ್ಗೆಟ್ ಕಾಗದವನ್ನು ನೋಡಿ ಡಬ್ಬಿಯನ್ನು ಕಪಾಟಿಗೆ ಹಿಂದಿಟ್ಟ.

ಖಂಡೇ ಪೂಜೆಗೆ ನಾಲ್ಕು ದಿನ ಮುಂಚೆ ರೈಫಲ್ ಸಿಡ್ನಿಯ ಡೀಲರಿಗೆ ಹೋಯಿತು, ಕೌದಿ ಬೇರೆ ಪಾರ್ಸೆಲ್ಲಿನಲ್ಲಿ ಮನೆಗೆ ಹೋಯಿತು. ನವಮಿಯ ದಿನ ಫೋಟೋ ಬಂತು. ಉಳಿ, ಸುತ್ತಿಗೆ, ಮಗಳ ಲ್ಯಾಪ್‌ಟಾಪ್, ಪೂರ್ತಿಯಾದ ರೈಫಲ್, ಅದರ ಪಕ್ಕದಲ್ಲಿ ಲಟ್ಟಣಿಗೆ. ಎಲ್ಲಕ್ಕೂ ಒಂದೊಂದು ಬೊಟ್ಟು. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡು ಜಾಬ್ ಕಾರ್ಡಿಗೆ ಸಹಿ ಹಾಕಿದೆ.

ಮುಂದಿನ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಬೇಗ ಶಾಪಿಗೆ ಬಂದು ಯಾರದೋ ಬ್ಯಾರೆಲ್ ತೆಗೆಯುತ್ತಿದ್ದೆ. ಅಕ್ಕಾರ ಫೋನ್. ಎತ್ತಿದರೆ ಉಸಿರಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

"ಅಣ್ಣಾರ, ಸಣ್ಣಗ ಮಾತಾಡ್ರಿ," ಎಂದು ಪಿಸುಗುಟ್ಟಿದರು. "ಫಾರ್ಮಿನ್ಯಾಗ ಅದೀನಿ. ಅವರು ಕೂಡ್ತಿದ್ದ ಜಾಗಾ ಅಂತ ಗೆಳ್ಯಾ ತೋರಿಸಿ ಹೋದಾ. ಬಂದಾವ್ರಿ."

"ಎಷ್ಟು?"

"ಮೂರ. ಒಂದ ಮರಿ ಐತಿ. ಮಂಜ ಭಾಳ ಐತಿ, ಕಾಲ ಕಾಣವಲ್ವು, ಬರೇ ಬೆನ್ನ ತೇಲಿದಂಗ ಕಾಣ್ತಾವ."

"ರೈಫಲ್ ಎಲ್ಲೈತ್ರಿ?"

"ತೊಡಿ ಮ್ಯಾಲ. ಗುಂಡು ಚೀಲದಾಗ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಎಲ್ಲೋ ಒಂದು ಮ್ಯಾಗ್‌ಪೈ ಹಕ್ಕಿ ಕೂಗಿದ್ದು ಕೇಳಿಸಿತು.

"ಒಬ್ಬಾಕಿನ ಎಷ್ಟಂತ ನೋಡ್ಲಿರಿ," ಎಂದರು. "ಯಾರಿಗರ ಹೇಳಬೇಕನಸ್ತು. ಕನ್ನಡದಾಗ. ಅದಕ್ಕ ಫೋನ್ ಹಚ್ಚಿದೆ."

ನನ್ನ ಹಿಂದೆ ಲೇತ್ ತಿರುಗುತ್ತಲೇ ಇತ್ತು. ಆ ಸದ್ದಿಗೆ ಜಿಂಕೆಗಳು ಎಲ್ಲಿ ಬೆದರಿ ಓಡುತ್ತವೋ ಎಂದು ಹೆದರಿ, ಅವು ಎಂಟುನೂರು ಕಿಲೋಮೀಟರ್ ದೂರ ಇವೆ ಎಂಬುದನ್ನೂ ಮರೆತು, ಮೆಲ್ಲಗೆ ಹೋಗಿ ಸ್ವಿಚ್ ಆರಿಸಿದೆ.